ಬೆಲ್ಲ ತಿಂದ ಹುಳಗಳು

ಕಳೆದ ತಿಂಗಳು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಕೆರೆಯಿಂದ ನೀರಿನ ಮಾದರಿ ತರಬೇಕಿತ್ತು. ಗೋವಿಂದನಹಳ್ಳಿ ದಾಟಿದ ಮೇಲೆ ದಾರಿಯಲ್ಲಿ ಒಂದು ಆಲೆಮನೆ ಸಿಕ್ಕಿತು. ಡ್ರೈವರ್ ಕಿಟಕಿ ಇಳಿಸಿದ್ದೇ ತಡ, ಕುದಿಯುವ ಕಬ್ಬಿನ ಹಾಲಿನ ವಾಸನೆ ಒಳಗೆ ಬಂತು. ನಿಲ್ಲಿಸಲು ಹೇಳಿ ಇಳಿದೆ. ಕೊಪ್ಪರಿಗೆಯ ಪಕ್ಕ ನಿಂತಿದ್ದವನು ಬಕೆಟ್ಟಿನಲ್ಲಿ ಜಜ್ಜಿ ನೆನೆಹಾಕಿದ್ದ ಬೆಂಡೆಗಿಡದ ಕಾಂಡಗಳನ್ನು ಹಿಂಡಿ, ಅದರ ಲೋಳೆಯನ್ನು ಕುದಿಯುವ ಹಾಲಿಗೆ ಸುರಿದ. ಸ್ವಲ್ಪ ಹೊತ್ತಿಗೆಲ್ಲ ಹಾಲಿನಲ್ಲಿದ್ದ ಕೊಳೆ ಒಂದಕ್ಕೊಂದು ಅಂಟಿಕೊಂಡು ಕಪ್ಪು ನೊರೆಯಾಗಿ ಮೇಲೆ ಬಂತು. ಅದನ್ನು ಜಾಲರಿಯಲ್ಲಿ ಎತ್ತಿ ಆಚೆ ಎಸೆದ. ಈ ಕೆಲಸವನ್ನು ನನಗೆ ಮೊದಲು ಬಾಯಲ್ಲೇ ಹೇಳಿ ಕಣ್ಣಿಗೆ ಕಟ್ಟಿಸಿದವರು ಹಿಂದೆ ನನ್ನ ಜೊತೆ ಕೆಲಸಕ್ಕಿದ್ದ ಜವರಣ್ಣ. ಅವರ ಊರು ಅಲ್ಲಿಂದ ಎರಡು ಮೈಲಿ. ಅದು ಗೊತ್ತಿದ್ದೇ ಈ ಕೆರೆಯ ಕೆಲಸವನ್ನು ನಾನು ಕೇಳಿ ತೆಗೆದುಕೊಂಡಿದ್ದು. ಆಕಸ್ಮಿಕವಾಗಿ ಹೋದೆ ಎಂದು ಬರೆದರೆ ಸುಳ್ಳಾಗುತ್ತದೆ. ಅವರ ವಿಷಯದಲ್ಲಿ ಒಂದು ಸುಳ್ಳು ಬರೆದದ್ದೇ ಸಾಕು.

ಆ ಸುಳ್ಳು ಬರೆದ ಬೇಸಿಗೆಯಲ್ಲಿ ನನಗೆ ಮೂವತ್ತೊಂದು. ಅದಕ್ಕೂ ಮೊದಲು ಮೂರು ವರ್ಷ ಮೈಸೂರಿನಲ್ಲಿ ಸಂಶೋಧನೆ ಎಂದು ಕಲ್ಲಿನ ಮೇಲಿನ ಲೋಳೆ ಕೆರೆಯುತ್ತಿದ್ದೆ. ಹೌದು, ಅದೇ ನನ್ನ ವಿಷಯ. ಶ್ರೀರಂಗಪಟ್ಟಣದ ಹೊಳೆಯಲ್ಲಿ ಕಾಲಿಟ್ಟರೆ ಜಾರುತ್ತದಲ್ಲ, ಆ ಲೋಳೆಯಲ್ಲಿ ಬ್ಯಾಕ್ಟೀರಿಯಾಗಳು ಕೋಟಿಗಟ್ಟಲೆ ಇರುತ್ತವೆ. ಒಂಟಿಯಾಗಿದ್ದರೆ ನೀರು ಕೊಚ್ಚಿಕೊಂಡು ಹೋಗುತ್ತದೆ ಎಂದೋ ಏನೋ, ಅವು ತಮ್ಮ ಮೈಯಿಂದ ಆಚೆಗೆ ಒಂದು ಅಂಟನ್ನು ಬಿಟ್ಟು ಅದರೊಳಗೇ ಮನೆ ಮಾಡಿಕೊಂಡು ಒಟ್ಟಿಗೆ ಬದುಕುತ್ತವೆ. ಆ ಅಂಟಿನಲ್ಲಿ ಸಕ್ಕರೆಗಳಿವೆ. ಸಕ್ಕರೆ ಎಂದರೆ ಕಾಫಿಗೆ ಹಾಕುವುದಲ್ಲ, ಆಮ್ಲದ ಗುಣವಿರುವ ಸಕ್ಕರೆ. ನೀರಿನಲ್ಲಿರುವ ಸುಣ್ಣದ ಅಂಶ ಇಂಥ ಎರಡು ಸಕ್ಕರೆಗಳ ನಡುವೆ ನಿಂತು ಎರಡನ್ನೂ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದು ಹಿಡಿದೇ ಆ ಲೋಳೆ ಗಟ್ಟಿಯಾಗುವುದು. ಯಾವ ಕಲ್ಲಿನ ಮೇಲೆ ಯಾವ ಸಕ್ಕರೆ ಎಷ್ಟು ಎಂದು ನಾನು ಲೆಕ್ಕ ಹಾಕುತ್ತಿದ್ದೆ. ಮಾರ್ಗದರ್ಶಕರು ನಿವೃತ್ತರಾದರು, ವಿದ್ಯಾರ್ಥಿವೇತನ ನಿಂತಿತು, ಪ್ರಬಂಧ ಅರ್ಧಕ್ಕೇ ಉಳಿಯಿತು. ಮದುವೆಯೂ ಇಲ್ಲ ಡಾಕ್ಟರೇಟೂ ಇಲ್ಲ ಎಂದು ನಾಗಮಂಗಲದಲ್ಲಿ ನಮ್ಮ ನೆಂಟರು ಆಡಿಕೊಳ್ಳುತ್ತಿದ್ದರು. ಅವರ ಬಾಯಿಂದ ತಪ್ಪಿಸಿಕೊಂಡರೆ ಸಾಕು ಎಂದು, ಸಿಕ್ಕ ಮೊದಲ ಕೆಲಸಕ್ಕೆ ಹೂಂ ಅಂದೆ.

ಕೆಲಸ ಪಾಂಡವಪುರದಿಂದ ಮೇಲುಕೋಟೆ ಕಡೆ ಹೋಗುವ ರಸ್ತೆಯಲ್ಲಿ. ಅಲ್ಲೊಂದು ವಸತಿ ಕಾಲೇಜು ಹೊಸದಾಗಿ ಎದ್ದಿತ್ತು. ಹಾಸ್ಟೆಲ್ಲಿನ ಬಚ್ಚಲು, ಅಡಿಗೆಮನೆ, ಕಕ್ಕಸಿನ ನೀರನ್ನೆಲ್ಲ ಶುದ್ಧ ಮಾಡಿ ಆಚೆ ಬಿಡುವ ಘಟಕವನ್ನು ಹಿಂದಿನ ಬೀಳುಜಾಗದಲ್ಲಿ ಕಟ್ಟಿದ್ದರು. ಒಂದು ದೊಡ್ಡ ತೊಟ್ಟಿ. ಅದರ ತಳದಿಂದ ಯಂತ್ರ ಗಾಳಿ ಊದುತ್ತದೆ, ಬ್ಯಾಕ್ಟೀರಿಯಾಗಳು ಕೊಳೆ ತಿನ್ನುತ್ತವೆ. ಪಕ್ಕದಲ್ಲಿ ಇನ್ನೊಂದು ತೊಟ್ಟಿ. ಅಲ್ಲಿ ಅವು ಮಡ್ಡಿಯಾಗಿ ತಳಕ್ಕೆ ಕೂರುತ್ತವೆ, ಮೇಲಿನ ತಿಳಿನೀರು ಹಳ್ಳಕ್ಕೆ ಹೋಗುತ್ತದೆ. ಹಳ್ಳ ಕೆಳಗಿನ ಊರಿನ ಕೆರೆಗೆ. ನಾನು ಅಲ್ಲಿಯ ಕೆಮಿಸ್ಟು. ಸಹಾಯಕ್ಕೆ ಜವರಣ್ಣ. ಇಬ್ಬರೇ.

ನಾನು ಸೇರಿದ್ದು ಯುಗಾದಿ ಕಳೆದ ವಾರ. ಕಾಲೇಜಿಗೆ ರಜ ಬಿಟ್ಟಿತು, ಹಾಸ್ಟೆಲ್ಲು ಖಾಲಿಯಾಯಿತು. ಕೊಳೆ ನೀರೇ ಬಾರದಿದ್ದರೆ ತೊಟ್ಟಿಯಲ್ಲಿರುವ ಬ್ಯಾಕ್ಟೀರಿಯಾಗಳು ಉಪವಾಸ ಬಿದ್ದು ಸಾಯುತ್ತವೆ. ಮಕ್ಕಳು ವಾಪಸ್ಸು ಬರುವವರೆಗೆ ಅವನ್ನು ಬದುಕಿಸಿಕೊಳ್ಳಬೇಕು. ಅದಕ್ಕೆ ಗುತ್ತಿಗೆಯವರು ಒಂದು ಚೀಟಿ ಬರೆದುಕೊಟ್ಟಿದ್ದರು: ದಿನಕ್ಕೆ ಒಂದು ಬಕೆಟ್ ಬೆಲ್ಲ ಕರಗಿಸಿ ಹಾಕುವುದು, ಜೊತೆಗೆ ಒಂದು ಸೇರು ಯೂರಿಯಾ. ಬೆಲ್ಲ ನಮ್ಮ ಕಡೆ ಆಲೆಮನೆಯಲ್ಲಿ ಬಕೆಟ್ಟಿಗೆ ಹೊಯ್ದು ತೆಗೆಯುತ್ತಾರಲ್ಲ, ಆ ದಪ್ಪ ಅಚ್ಚು.

ಮೊದಲ ದಿನ ಚೀಟಿ ಓದಿ ಹೇಳಿದಾಗ ಜವರಣ್ಣ ಬೆಲ್ಲಕ್ಕೆ ತಲೆಯಾಡಿಸಿದರು. ಯೂರಿಯಾ ಅಂದದ್ದಕ್ಕೆ ಮುಖ ಕಿವುಚಿದರು.

"ಯೂರಿಯಾ ಬ್ಯಾಡ ಕಣ್ರವ್ವ. ಸತ್ತೋಯ್ತವೆ."

"ಯಾವುದು ಸಾಯುತ್ತೆ?"

"ಉಳ. ನಮ್ಮಟ್ಟೀಲಿ ಒಂದೆಮ್ಮೆ ಇತ್ತು. ಯೂರಿಯಾ ಚೀಲ ತೊಳ್ದಿದ್ದ ನೀರ್ ಕುಡ್ದು, ಗಳಿಗೆ ಒತ್ತಲ್ಲಿ ಒದ್ದಾಡಿ ಕಾಲ್ ಚಾಚ್ಬುಡ್ತು. ಅಷ್ಟ್ ದೊಡ್ಡೆಮ್ಮೇನೇ ಸತ್ಮೇಲೆ ಈ ಉಳ ಯಾವ ಲೆಕ್ಕ?"

ನಾನು ನಕ್ಕೆ. ಎಮ್ಮೆಗೂ ಬ್ಯಾಕ್ಟೀರಿಯಾಕ್ಕೂ ಏನು ಸಂಬಂಧ ಎಂದು ಎರಡು ನಿಮಿಷ ಕೂತು ಹೇಳಬಹುದಿತ್ತು. ಬೆಲ್ಲ ಅನ್ನವಾದರೆ ಯೂರಿಯಾ ಬೇಳೆಯಿದ್ದಂತೆ, ಎರಡೂ ಸೇರಿದರೆ ಮಾತ್ರ ಅವು ಮೈ ಕಟ್ಟಿಕೊಳ್ಳುತ್ತವೆ ಎಂದರೆ ದನ ಕಟ್ಟಿದ ಯಾರಿಗಾದರೂ ಅರ್ಥವಾಗುತ್ತಿತ್ತು. ನಾನು ಹೇಳಲಿಲ್ಲ. "ಚೀಟೀಲಿ ಇದ್ದ ಹಾಗೆ ಮಾಡಿ ಜವರಣ್ಣ" ಎಂದು ಒಳಗೆ ಹೋಗಿ ಫ್ಯಾನಿನ ಕೆಳಗೆ ಕೂತೆ.

ಅರವತ್ತು ದಾಟಿದ ಮನುಷ್ಯ. ಹೆಂಡತಿ ಇರಲಿಲ್ಲ. ಮಂಡಿ ಹಿಡಿದ ಮೇಲೆ ದನ ಮಾರಿ, ಅಣ್ಣನ ಮಗನ ಮನೆಯಲ್ಲಿ ಸುಮ್ಮನೆ ಕೂರಲಾರದೆ ಈ ಕೆಲಸಕ್ಕೆ ಬಂದಿದ್ದರು. ಪಂಪಿನ ಕೋಣೆಯ ಪಕ್ಕದ ಶೀಟಿನ ಮನೆಯಲ್ಲೇ ವಾಸ. ಭಾನುವಾರ ಊರಿಗೆ ಹೋಗಿ ಸೋಮವಾರ ಮೊದಲ ಬಸ್ಸಿಗೆ ಬರುತ್ತಿದ್ದರು. "ಏನಾರಾ ಒಂದಕ್ಕೆ ಮೇವಾಕ್ದೆ ಇದ್ರೆ ನಂಗೆ ಅನ್ನ ಇಳಿಯಲ್ಲ ಕಣ್ರವ್ವ" ಅನ್ನುತ್ತಿದ್ದರು. ಬೆಳಗ್ಗೆ ಬೆಲ್ಲದ ನೀರನ್ನು ತೊಟ್ಟಿಯ ಸುತ್ತ ನಡೆದುಕೊಂಡೇ ಹೊಯ್ಯುವರು. ಒಂದೇ ಮೂಲೆಗೆ ಹೊಯ್ದರೆ ಆಚೆ ಮೂಲೆಯವು ಹಸಿದಿರುತ್ತವಂತೆ.

ನನ್ನ ಕೋಣೆ ಪಾಂಡವಪುರದಲ್ಲಿ, ಒಂದು ಮನೆಯ ಮಹಡಿಯ ಮೇಲೆ. ಮನೆಯವರು ರಜಕ್ಕೆ ಮಕ್ಕಳನ್ನು ಕರೆದುಕೊಂಡು ಊರಿಗೆ ಹೋದರು. ಸಂಜೆ ಬಂದು ಬೀಗ ತೆಗೆದರೆ ಬೆಳಗ್ಗೆ ಕುಡಿದಿಟ್ಟ ಲೋಟ ಇಟ್ಟ ಜಾಗದಲ್ಲೇ ಇರುತ್ತಿತ್ತು. ಅಮ್ಮ ಫೋನ್ ಮಾಡಿ "ಊಟ ಆಯ್ತಾ" ಎನ್ನುವಳು, "ಆಯ್ತು" ಎನ್ನುವೆ, ಹಿಂದೆ ಅತ್ತಿಗೆ ಏನೋ ಕೂಗುವಳು, ಅಮ್ಮ ಇಟ್ಟುಬಿಡುವಳು. ಭಾನುವಾರ ಬಸ್ಸು ಹತ್ತಿ ಶ್ರೀರಂಗಪಟ್ಟಣಕ್ಕೆ ಹೋಗುತ್ತಿದ್ದೆ, ಕೆಲಸವೇನೂ ಇಲ್ಲದೆ. ಹೊಳೆಯ ನೀರು ಇಳಿದು ಕಲ್ಲುಗಳೆಲ್ಲ ಬಿಸಿಲಿಗೆ ಬಂದಿದ್ದವು. ನಾನು ಮಾದರಿ ತೆಗೆಯುತ್ತಿದ್ದ ಕಲ್ಲುಗಳ ಮೇಲಿನ ಲೋಳೆ ಒಣಗಿ ಹಪ್ಪಳದಂತೆ ಎದ್ದಿತ್ತು. ಅಸ್ಥಿ ಬಿಡಲು ಬಂದವರು, ಮಿಂದು ಚಿತ್ರಾನ್ನದ ಡಬ್ಬಿ ಬಿಚ್ಚುವ ಸಂಸಾರಗಳು, ಎಲ್ಲರೂ ಗುಂಪು ಗುಂಪು. ಯಾರಾದರೂ "ಒಬ್ರೇ ಬಂದಿದೀರಾ?" ಎಂದು ಕೇಳಿಯಾರು ಎಂದು ನಾನು ಕೈಯಲ್ಲಿ ಒಂದು ಖಾಲಿ ಸೀಸೆ ಹಿಡಿದುಕೊಂಡಿರುತ್ತಿದ್ದೆ. ಕೆಲಸಕ್ಕೆ ಬಂದವಳ ಹಾಗೆ.

ಘಟಕದಲ್ಲೂ ಅಷ್ಟೆ. ಮಧ್ಯಾಹ್ನ ಜವರಣ್ಣ ಹೊಂಗೆ ಮರದ ಕೆಳಗೆ ಮುದ್ದೆ ಮುರಿಯುತ್ತ ಕೂಗುವರು: "ಬನ್ರವ್ವ, ಒಟ್ಗೇ ಉಣ್ಣಾನ." ನಾನು ಕಿವಿಗೆ ಫೋನಿಟ್ಟುಕೊಂಡು ಕೈಯಾಡಿಸಿ ಬೇಡ ಎನ್ನುವೆ. ಫೋನಿನಲ್ಲಿ ಆ ಕಡೆ ಯಾರೂ ಇರುತ್ತಿರಲಿಲ್ಲ. ಜೊತೆ ಬೇಕು ಎಂದು ಒಳಗೊಳಗೇ ಹಂಬಲಿಸುವವಳಿಗೆ ಇದೆಂಥ ಬಿಗುಮಾನವೋ ಇವತ್ತಿಗೂ ನನಗೆ ಅರ್ಥವಾಗಿಲ್ಲ. ಡಾಕ್ಟರೇಟ್ ಆಗಬೇಕಿದ್ದವಳು ಕಕ್ಕಸಿನ ತೊಟ್ಟಿಯ ಪಕ್ಕ ಮುದ್ದೆ ಉಣ್ಣುವುದೇ ಎಂಬ ಅಹಂಕಾರವೂ ಇತ್ತು, ಒಪ್ಪಿಕೊಳ್ಳುತ್ತೇನೆ. ದಿನಚರಿ ಪುಸ್ತಕದಲ್ಲಿ ಬೆಲ್ಲ, ಯೂರಿಯಾ, ಗಾಳಿ ಎಂಬ ಮೂರು ಕಾಲಮುಗಳಿದ್ದವು. ಒಳಗೆ ಕೂತಲ್ಲೇ ಮೂರಕ್ಕೂ ಸರಿ ಗುರುತು ಹಾಕುತ್ತಿದ್ದೆ. ಎದ್ದು ಹೋಗಿ ನೋಡಿದ್ದು ಒಂದು ದಿನವೂ ಇಲ್ಲ, ಯೂರಿಯಾ ಹಾಕಿದಿರಾ ಎಂದು ಕೇಳಿದ್ದೂ ಇಲ್ಲ.

ಒಂದೇ ಒಂದು ದಿನ ನಾನಾಗಿ ಮರದ ಕೆಳಗೆ ಹೋದೆ. ಮೇ ತಿಂಗಳ ಗಾಳಿಮಳೆಗೆ ಕಂಬ ಬಿದ್ದು ಕರೆಂಟು ಹೋಗಿತ್ತು. ಫ್ಯಾನು ನಿಂತಿತು, ಗಾಳಿ ಊದುವ ಯಂತ್ರವೂ ನಿಂತಿತು. ಜವರಣ್ಣ ಉದ್ದನೆಯ ಬಿದಿರಿನ ಗಳು ತಂದು ತೊಟ್ಟಿಯ ನೀರು ಕಲಕುತ್ತಿದ್ದರು. "ಉಸ್ರು ಕಟ್ತದೆ ಅವ್ಕೆ" ಎಂದರು. ಆ ಮಂಡಿಯಲ್ಲಿ ಅವರು ಹಾಗೆ ಕಲಕುವುದು ನೋಡಲಾಗದೆ ನಾನೂ ಗಳುವಿಗೆ ಕೈ ಹಾಕಿದೆ. ಕರೆಂಟು ಬಂದ ಮೇಲೆ ಮರದ ಕೆಳಗೆ ಕೂತೆವು. ಗಳುವಿನ ತುದಿಗೆ ಅಂಟಿದ್ದ ಲೋಳೆ ತೋರಿಸಿ ಇದೇನು ಎಂದರು. ನನ್ನ ಬಾಯಿ ತಡೆಯಲಿಲ್ಲ. ಮೂರು ವರ್ಷದ ಕಥೆಯೆಲ್ಲ ಹೇಳಿದೆ; ಕಲ್ಲು, ಹುಳಿ ಗುಣದ ಸಕ್ಕರೆ, ಸುಣ್ಣ, ಹಿಡಿದುಕೊಳ್ಳುವುದು.

"ಸಕ್ರೆ ಉಳಿ ಇರ್ತದೆ ಅಂತೀರಲ್ಲವ್ವ. ಕೆಟ್ಟೋಗಿರ್ಬೇಕು ಬುಡಿ" ಎಂದು ಅವರು ನಕ್ಕರು. ಆಮೇಲೆ ಗಂಭೀರವಾಗಿ, "ಇದು ಆಲೆಮನೆ ಬೆಂಡೆ ಲೋಳೆ ಇದ್ದಂಗೆ ಕಣವ್ವ. ಬೆಂಡೆ ಕಡ್ಡಿ ಜಜ್ಜಿ ಇಂಡುದ್ರೆ, ಆಲಲ್ಲಿರೋ ಕೊಳೆ ಎಲ್ಲ ಒಂದ್ಕೊಂದು ಕಚ್ಕಂಡು ಮ್ಯಾಕ್ ಬರ್ತದೆ. ಲೋಳೆ ಆಕ್ದೆ ಇದ್ರೆ ಬೆಲ್ಲ ಕರ್ರಗೆ. ಅದ್ನೆಂಟಕ್ಕೇ ಆಲೆಮನೆ ಕೆಲ್ಸಕ್ಕೋದೋನು ನಾನು" ಎಂದರು.

ನಾನು ದಂಗಾದೆ. ಬೆಂಡೆಯ ಲೋಳೆಯಲ್ಲೂ ಇರುವುದು ಅದೇ ಜಾತಿಯ ಆಮ್ಲದ ಸಕ್ಕರೆ. ಮೂರು ವರ್ಷ ಓದಿ ನಾನು ತಿಳಿದದ್ದನ್ನು ಅವರು ಹದಿನೆಂಟನೇ ವಯಸ್ಸಿನಲ್ಲಿ ಕೊಪ್ಪರಿಗೆಯ ಮುಂದೆ ನಿಂತು ಕಂಡಿದ್ದರು.

"ಲೋಳೆ ಬುಟ್ರೆ ಒಟ್ಗಿರ್ತವೆ ಅನ್ನಿ. ಇಲ್ದಿದ್ರೆ?"

"ಇಲ್ಲದಿದ್ದರೆ ಒಂದೊಂದೇ ತೇಲಿಕೊಂಡು ಹೋಗ್ತವೆ."

ಅವರು ನನ್ನ ಮುಖವನ್ನೇ ಒಂದು ಗಳಿಗೆ ನೋಡಿ, ತಟ್ಟೆಯಲ್ಲಿದ್ದ ಮುದ್ದೆಯಲ್ಲಿ ಅರ್ಧ ಮುರಿದು ಮುಚ್ಚಳದ ಮೇಲಿಟ್ಟು ನನ್ನ ಕಡೆ ಸರಿಸಿದರು. ಹುರುಳಿಕಾಳಿನ ಸಾರು. ಉಂಡೆ. ಆ ಬೇಸಿಗೆಯಲ್ಲಿ ನಾನು ಒಬ್ಬಳೇ ಉಣ್ಣದ ದಿನ ಅದೊಂದೇ. ಮಾರನೆಯ ದಿನದಿಂದ ಮತ್ತೆ ಕಿವಿಗೆ ಫೋನು.

ಮೇ ಕೊನೆಗೆ ನೀರು ಬದಲಾಯಿತು. ತೊಟ್ಟಿಯ ನೀರನ್ನು ಲೀಟರಿನ ಗಾಜಿನ ಸಿಲಿಂಡರಿಗೆ ಹಾಕಿ ಅರ್ಧ ಗಂಟೆ ಬಿಟ್ಟರೆ ಮಡ್ಡಿ ಕೆಳಗಿನ ಮೂರನೇ ಒಂದು ಭಾಗಕ್ಕೆ ಇಳಿಯಬೇಕು. ಅದು ಇಳಿಯುತ್ತಿರಲಿಲ್ಲ. ತಣ್ಣಗಾದ ಗಂಜಿಯ ಹಾಗೆ ನಿಂತಲ್ಲೇ ನಿಂತಿತ್ತು. ಸೆಕೆಗಿರಬೇಕು ಎಂದು ನನಗೆ ನಾನೇ ಹೇಳಿಕೊಂಡೆ. ಜವರಣ್ಣನಿಗೆ ಮಾತ್ರ ಖುಷಿ. "ಲೋಳೆ ಚೆಂದಾಗ್ ಕಟ್ಟದೆ ಕಣವ್ವ. ಎಲ್ಲ ಒಟ್ಗವೆ." ಸೋಮವಾರಗಳಂದು ಅವರು ಊರಿಂದ ಒಂದು ಚೀಲ ಹೊತ್ತು ತರುವುದನ್ನು ಕಿಟಕಿಯಿಂದ ನೋಡಿದ್ದೆ. ರಾಗಿಯಿರಬೇಕು ಅಂದುಕೊಂಡೆ.

ಜೂನಿನಲ್ಲಿ ಮಕ್ಕಳು ಬಂದರು. ಒಂದೇ ಬೆಳಗ್ಗೆ ನೂರಾರು ಜನ ಮಿಂದ ನೀರು, ಅಡಿಗೆಮನೆಯ ನೀರು, ಮೇಲೆ ಮಳೆ. ನಾನು ಬಸ್ಸಿಳಿದು ಬರುವಷ್ಟರಲ್ಲಿ ಎರಡನೇ ತೊಟ್ಟಿಯ ಮಡ್ಡಿ ಕಟ್ಟೆ ಹತ್ತಿ, ಕಂದು ಬಣ್ಣದ ಲೋಳೆಯಾಗಿ ಹಳ್ಳಕ್ಕೆ ಇಳಿಯುತ್ತಿತ್ತು. ಜವರಣ್ಣ ಮೊಣಕಾಲವರೆಗೆ ಅದರಲ್ಲಿ ನಿಂತು ಮಂಕರಿಯಿಂದ ಬಾಚಿ ಬಾಚಿ ತೊಟ್ಟಿಗೆ ವಾಪಸ್ಸು ಹಾಕುತ್ತಿದ್ದರು. "ಓಯ್ತಾ ಅವ್ಯಲ್ಲವ್ವೋ, ಎಲ್ಲಾ ಓಯ್ತಾ ಅವ್ಯಲ್ಲಾ!" ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಊರಿನವರು ಬಂದರು. ಕೆರೆಗೆ ಹೊಡೆದಿದ್ದ ದನಗಳು ನೀರು ಮೂಸಿ ಹಿಂದೆ ತಿರುಗಿದವಂತೆ. "ಏನ್ಲಾ ಬುಟ್ಟಿದ್ದೀರಿ ನಮ್ಮ್ ಕೆರೆಗೆ?" ಎಂದು ಒಬ್ಬ ಜವರಣ್ಣನ ಅಂಗಿ ಹಿಡಿದ.

ಊರಿನವರು ಹೋದ ಮೇಲೆ ನಾನು ಗಾಜಿನ ತುಂಡಿನ ಮೇಲೆ ಒಂದು ಹನಿ ಮಡ್ಡಿಗೆ ಒಂದು ಹನಿ ಕಪ್ಪು ಶಾಯಿ ಬೆರೆಸಿ ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಲೋಳೆ ಹದವಾಗಿದ್ದರೆ ಶಾಯಿ ಎಲ್ಲ ಕಡೆ ನುಗ್ಗುತ್ತದೆ. ಅತಿಯಾಗಿದ್ದರೆ ಶಾಯಿಗೆ ಒಳಗೆ ಜಾಗವಿರುವುದಿಲ್ಲ. ನನಗೆ ಕಂಡದ್ದು ಕಪ್ಪಿನ ನಡುವೆ ಅಗಲಗಲ ಬಿಳಿ. ಬ್ಯಾಕ್ಟೀರಿಯಾಗಳು ಬರೀ ಸಿಹಿ ತಿಂದು, ಮೈ ಕಟ್ಟಿಕೊಳ್ಳಲು ಬೇಕಾದ್ದು ಸಿಗದೆ, ತಿಂದದ್ದನ್ನೆಲ್ಲ ಅಂಟು ಮಾಡಿ ಆಚೆ ಹಾಕಿದ್ದವು. ಆ ಅಂಟು ನೀರು ಹೀರಿ ಉಬ್ಬಿ, ಕೂರಲಾರದೆ ತೇಲಿತ್ತು. ನಾನು ಮೂರು ವರ್ಷ ಓದಿದ ವಿಷಯ ಎರಡು ತಿಂಗಳು ನನ್ನ ಕಿಟಕಿಯ ಆಚೆಯೇ ನಡೆದಿತ್ತು.

"ಜವರಣ್ಣ, ಯೂರಿಯಾ ಹಾಕಿದ್ದೀರಾ?"

ಅವರು ನನ್ನನ್ನು ಪಂಪಿನ ಕೋಣೆಗೆ ಕರೆದುಕೊಂಡು ಹೋದರು. ಪೈಪುಗಳ ಹಿಂದೆ ಯೂರಿಯಾ ಚೀಲ ನಿಂತಿತ್ತು, ಬಾಯಿಯ ಹೊಲಿಗೆ ಬಿಚ್ಚದೆ. ಪಕ್ಕದಲ್ಲಿ ಅವರು ಊರಿಂದ ಹೊತ್ತು ತರುತ್ತಿದ್ದ ಚೀಲ. ಅದರಲ್ಲಿದ್ದದ್ದು ಬೆಲ್ಲ.

"ಇಷ ಎಂಗವ್ವ ಆಕ್ಲಿ? ಮೇವು ಸಾಲ್ದೇನೋ ಅಂತ ನಮ್ಮಣ್ಣನ್ ಮಗನ್ ಆಲೆಮನೆಯಿಂದ ಇನ್ನೊಸಿ ತಂದಾಕ್ತಿದ್ದೆ. ಕರ ಆಕಿದ್ ಅಸೂಗೆ ಬೆಲ್ಲ ಕೊಡಲ್ವಾ? ಅಂಗೆ. ಮೊದ್ಲೇ ಏಳಿದ್ನಲ್ಲ ನಿಮ್ಗೆ, ಬ್ಯಾಡ ಅಂತ."

ಹೇಳಿದ್ದರು. ನಾನು ನಕ್ಕಿದ್ದೆ.

ಮಾರನೆಯ ದಿನ ಗುತ್ತಿಗೆಯವರ ಸೂಪರ್‌ವೈಸರ್ ಬಂದ. ದಿನಚರಿ ಪುಸ್ತಕ ತಿರುವಿ ಹಾಕಿದ. ಯೂರಿಯಾದ ಕಾಲಮಿನಲ್ಲಿ ಯುಗಾದಿಯಿಂದ ಆವತ್ತಿನವರೆಗೆ ನನ್ನ ಸರಿ ಗುರುತುಗಳು ಸಾಲಾಗಿ ನಿಂತಿದ್ದವು. "ಚೀಲ ಬಿಚ್ಚೇ ಇಲ್ಲ, ಇಲ್ಲಿ ಟಿಕ್ ಇದೆ. ತಪ್ಪು ಯಾರದ್ದು ಅಂತ ಬರೆದು ಕೊಡಿ ಮೇಡಂ. ಒಬ್ಬರನ್ನು ತೆಗೀಲೇಬೇಕು" ಎಂದ. ನನ್ನನ್ನು ತೆಗೆದರೆ ಮತ್ತೆ ನಾಗಮಂಗಲ, ಮತ್ತೆ ಆ ನೆಂಟರು. ಬರೆದೆ. ಸೂಚನೆಯಂತೆ ಕೆಲಸಗಾರನು ಯೂರಿಯಾ ಹಾಕಿರುವುದಿಲ್ಲ. ಇದು ನಿಜ. ಅದರ ಕೆಳಗೆ ಇನ್ನೊಂದು ಸಾಲು: ಪ್ರತಿದಿನ ಕೇಳಿದಾಗ ಹಾಕಿದ್ದೇನೆಂದು ತಿಳಿಸಿರುತ್ತಾನೆ. ಬಹುವಚನ ಕೊಟ್ಟು ಮಾತಾಡಿಸುತ್ತಿದ್ದವರನ್ನು ಕಾಗದದಲ್ಲಿ ಏಕವಚನಕ್ಕೆ ಇಳಿಸಿದೆ.

ಜವರಣ್ಣನಿಗೆ ಓದಲು ಬರುತ್ತಿತ್ತು. ಸಹಿ ಹಾಕಲು ಕೊಟ್ಟಾಗ ಕಾಗದವನ್ನು ದೂರ ಹಿಡಿದು, ತುಟಿ ಅಲ್ಲಾಡಿಸುತ್ತ ನಿಧಾನಕ್ಕೆ ಓದಿದರು. ಎರಡನೇ ಸಾಲಿಗೆ ಬಂದು ನಿಂತರು.

"ನಾನು ಅಂಗೇಳಿದ್ನೇನವ್ವಾ?"

ಸೂಪರ್‌ವೈಸರ್ ಪೆನ್ನು ಮುಂದೆ ಹಿಡಿದ.

"ಏಳಿರ್ಬೇಕು ಬುಡಿ. ವಯಸ್ಸಾಯ್ತು, ಗ್ಯಾನ ಇರಲ್ಲ" ಎಂದು ಅವರು ಸಹಿ ಹಾಕಿದರು.

ಸಂಜೆಯ ಬಸ್ಸಿಗೆ ಹೊರಟರು. ಗಂಟು ಕಂಕುಳಲ್ಲಿಟ್ಟುಕೊಂಡು ತೊಟ್ಟಿಯ ಸುತ್ತ ಒಂದು ಸಲ ನಡೆದರು. ನನ್ನ ಕೋಣೆಯ ಬಾಗಿಲು ಹಾಕಿತ್ತು. ಒಳಗೆ ನಿಂತು ಅವರ ಹೆಜ್ಜೆ ಕೇಳಿಸಿಕೊಂಡೆ, ಬಾಗಿಲು ತೆಗೆಯಲಿಲ್ಲ.

ಆಮೇಲೆ ನಾನೇ ಚೀಲದ ಹೊಲಿಗೆ ಬಿಚ್ಚಿ ದಿನಾ ಯೂರಿಯಾ ಕರಗಿಸಿ ಹಾಕಿದೆ. ತೊಟ್ಟಿಯ ಸುತ್ತ ನಡೆದುಕೊಂಡೇ ಹಾಕಿದೆ. ಮೂರು ವಾರಕ್ಕೆ ಲೋಳೆ ಹದಕ್ಕೆ ಬಂತು, ಮಡ್ಡಿ ತಳ ಹಿಡಿಯಿತು, ಮೇಲೆ ಕನ್ನಡಿಯಂಥ ನೀರು. ಆಷಾಢದ ಗಾಳಿಗೆ ಹೊಂಗೆ ಮರ ಇಡೀ ದಿನ ಸದ್ದು ಮಾಡುತ್ತಿತ್ತು. ಒಂದು ಮಧ್ಯಾಹ್ನ ಡಬ್ಬಿ ತೆಗೆದುಕೊಂಡು ಅದರ ಕೆಳಗೆ ಹೋಗಿ ಕೂತೆ. ಮುಚ್ಚಳ ತೆಗೆದಿಟ್ಟವಳು ಅತ್ತುಬಿಟ್ಟೆ. ಅವರ ಜಾಗಕ್ಕೆ ಯಾರನ್ನೂ ಕಳಿಸಲಿಲ್ಲ. ವರ್ಷ ತುಂಬುವುದರೊಳಗೆ ಬಿಟ್ಟು ಮೈಸೂರಿಗೆ ಬಂದೆ, ನೀರು ಪರೀಕ್ಷೆಯ ಕೆಲಸ ಹಿಡಿದೆ. ಅದಾಗಿ ಎಂಟು ವರ್ಷ. ಈಗಲೂ ಒಬ್ಬಳೇ.

ಆಲೆಮನೆಯವನನ್ನು ಕೇಳಿದೆ. ದಾರಿ ತೋರಿಸಿದ. ಜವರಣ್ಣ ಕೊಟ್ಟಿಗೆಯ ಮುಂದೆ ಕೂತು ಜೋಳದ ಕಡ್ಡಿ ಕತ್ತರಿಸುತ್ತಿದ್ದರು. ಸಣ್ಣಗಾಗಿದ್ದರು. ಅಣ್ಣನ ಮಗನ ಹಸುವೊಂದು ಕಟ್ಟಿತ್ತು. ನನ್ನನ್ನು ಗುರುತು ಹಿಡಿಯಲು ಸ್ವಲ್ಪ ಹೊತ್ತು ಬೇಕಾಯಿತು. ಹಿಡಿದ ಮೇಲೆ ಎದ್ದು ಒಳಗೆ ಹೋಗಿ, ಒಂದು ಚೊಂಬು ನೀರು, ಒಂದು ಚೂರು ಬೆಲ್ಲ ತಂದಿಟ್ಟರು. ಮನೆಗೆ ಬಂದ ಯಾರಿಗಾದರೂ ಇಡುವ ಹಾಗೆ. ನಾನು ಬೆಲ್ಲ ಮುಟ್ಟಲಿಲ್ಲ.

"ಜವರಣ್ಣ, ಆವತ್ತು ನೀವು ಹಾಗೆ ಹೇಳಿರಲಿಲ್ಲ. ನಾನು ಸುಳ್ಳು ಬರೆದೆ."

"ಗೊತ್ತು ಕಣವ್ವ" ಎಂದರು. ಕುಡುಗೋಲು ನಿಲ್ಲಲಿಲ್ಲ. ಒಂದು ಕಂತೆ ಮುಗಿಯುವವರೆಗೆ ಕತ್ತರಿಸಿ, ಆಮೇಲೆ ಕೇಳಿದರು. "ಉಳ ಏನಾದೋ?"

"ಬದುಕಿದವು."

"ಯೂರಿಯಾ ಆಕುದ್ರಾ?"

"ಹಾಕಿದೆ. ಮೂರು ವಾರಕ್ಕೆ ಚೆನ್ನಾದವು. ಬೆಲ್ಲ ಅನ್ನ ಇದ್ದ ಹಾಗೆ, ಯೂರಿಯಾ ಬೇಳೆ. ಎರಡೂ ಬೇಕಿತ್ತು ಅವಕ್ಕೆ."

ಅವರು ಕುಡುಗೋಲು ಕೆಳಗಿಟ್ಟರು. ಎಂಟು ವರ್ಷ ಅವರನ್ನು ಕಾಡಿದ್ದು ನನ್ನ ಸುಳ್ಳಲ್ಲ, ಆ ಹುಳಗಳಿಗೆ ಏನಾಗಿತ್ತು ಎಂಬುದು ಎಂದು ಆಗ ನನಗೆ ತಿಳಿಯಿತು.

"ಅನ್ನ, ಬ್ಯಾಳೆ" ಎಂದು ತಮಗೆ ತಾವೇ ಅಂದುಕೊಂಡರು. "ಅಂಗಾದ್ರೆ ನಂದೇ ತೆಪ್ಪು." ಆಮೇಲೆ ನನ್ನ ಕಡೆ ತಿರುಗಿದರು. ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. "ಇಷ್ಟೇ ಮಾತ್ನ ಆವತ್ತೇ ಏಳ್ಬೋದಾಗಿತ್ತಲ್ಲವ್ವ. ಕೇಳಕ್ಕೆ ನಾನು ಅಲ್ಲೇ ಇದ್ನಲ್ಲ."

ಡ್ರೈವರ್ ರಸ್ತೆಯಿಂದ ಹಾರನ್ ಹೊಡೆಯುತ್ತಿದ್ದ. ಅವರು ಕತ್ತರಿಸಿದ ಕಡ್ಡಿಯನ್ನು ಎರಡು ಕೈಯಲ್ಲೂ ಬಾಚಿ ಹಸುವಿನ ಮುಂದೆ ಹಾಕಿದರು. ನಾನು ಬೆಲ್ಲವನ್ನು ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಚೊಂಬನ್ನು ಜಗಲಿಯ ಮೇಲಿಟ್ಟು ಎದ್ದೆ. ಅವರು ಕೂರಿ ಅನ್ನಲಿಲ್ಲ.